ನಾಲ್ಕನೆಯ ಗೋಡೆ

“ಲಗು ಲಗು ಹಚ್ಚ್ರಿ ಖಾಸಿಂಸಾಬ, ಬಸ್ಸು ಬರೂದ್ರಾಗ ಈ ಗ್ವಾಡಿ ಮುಗೀಬೇಕು!” ಎಂದು ಬಸಲಿಂಗವ್ವ ಹಳದಿ ಬಣ್ಣದ ಬಕೆಟ್ಟನ್ನು ಏಣಿಯ ಮೇಲಿದ್ದವನತ್ತ ಎತ್ತಿ ಹಿಡಿದಳು.

ಅವಳ ಅತ್ತೆ ಶಿವಬಸವ್ವ ಬೆಳಗಿನ ಜಾವ ತೀರಿಕೊಂಡಿದ್ದಳು. ಗಂಡ ಕುಣಿ ತೋಡಿಸಲು ಹೋಗಿದ್ದ. ಇಳಕಲ್ಲಿಗೆ ಹೋಗಿದ್ದ ಮಾವ ಗುರಪ್ಪನಿಗೆ ಟ್ರಂಕ್ ಕಾಲ್ ಮಾಡಿಸಿಯಾಗಿತ್ತು. ಮಾವ ಬಂದೊಡನೆ ಅತ್ತೆಗೆ ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಯ ಮುಂದೆ ಕೂರಿಸಬೇಕು. ಗುಳೇದಗುಡ್ಡದ ಆ ಓಣಿಯಲ್ಲಿ ಸತ್ತವರನ್ನು ಕೂರಿಸಿಯೇ ಕಳಿಸುವುದು. ಮೂರು ಗೋಡೆಗಳು ಆಗಲೇ ಝಗಝಗ ಹಳದಿ. ಅತ್ತೆ ಒರಗಬೇಕಾದ ನಾಲ್ಕನೆಯದೇ ಇನ್ನೂ ಸುಣ್ಣದ ಬಿಳಿ.

“ಇದೇನು ಮದಿವಿ ಮನಿಯೇನಬೇ?” ಎಂದಳು ನೆರೆಮನೆಯ ಪದ್ಮವ್ವ. “ಮಂದಿ ಏನಂದಾರು?”

“ನಮ್ಮ ಲಿಂಗವಂತರೊಳಗ ಸೂತಕ ಎಲ್ಲೈತಿ ಚಿಗವ್ವ? ನಿನ್ನಿ ಸಂಜಿಮಟ ಅತ್ತಿ ತಾವ ನಿಂತು ಹಚ್ಚಸ್ಯಾರ.”

“ಚಾ ಕೊಡೂಮುಂದ ‘ನಾಳಿ ಅದೊಂದು ಮುಗಸಪಾ’ ಅಂದ್ರು,” ಎಂದ ಖಾಸಿಂಸಾಬ ಮೇಲಿನಿಂದ. “ನಾ ಹ್ಞೂಂ ಅಂದೀನಿ.” ಕಣ್ಣು ಒರೆಸಿಕೊಂಡ. ಇನ್ನೊಂದು ಕೈ ಕುಂಚ ಬಿಡಲಿಲ್ಲ.

*

ಬಸಲಿಂಗವ್ವ ಸೊಸೆಯಾಗಿ ಬಂದ ವರ್ಷ, ಎಪ್ಪತ್ನಾಲ್ಕರಲ್ಲಿ, ಬಾಗಲಕೋಟೆಯ ಒಂದು ಮದುವೆಮನೆಯಲ್ಲಿ ಅತ್ತೆ ಒಳಗೆಲ್ಲ ಹಳದಿ ಬಳಿದ ಕೋಣೆ ನೋಡಿದ್ದಳು. ಊಟಕ್ಕೆ ಕರೆದರೂ ಕದಲಿರಲಿಲ್ಲ. “ನಮ್ಮ ಮನಿಗೂ ಇದನ್ನ ಹಚ್ಚೂಣು,” ಎಂದು ಬಸ್ಸಿನಲ್ಲೇ ಗಂಡನಿಗೆ ಹೇಳಿದಳು.

“ಹುಚ್ಚೇನು ನಿನಗ?” ಎಂದಿದ್ದ ಗುರಪ್ಪ. “ಹಳದಿ ಮುಂದ ನೂಲು ಹಿಡದ್ರ ಹಸರ್ಯಾವುದು, ನೀಲಿ ಯಾವುದು?”

ಅವನು ಹೇಳಿದ್ದೂ ಸುಳ್ಳಲ್ಲ. ಕುಪ್ಪಸದ ಖಣ ನೇಯುವ ನೂಲಿನ ಬಣ್ಣವನ್ನು ಗುರಪ್ಪನಂಥ ನೇಕಾರರು ಬಿಳಿ ಗೋಡೆಗೆ ಹಿಡಿದೇ ಆರಿಸುತ್ತಿದ್ದರು. ಅತ್ತೆ ಪ್ರತಿ ದೀಪಾವಳಿಗೆ ಕೇಳುವಳು. ಗುರಪ್ಪ ಪ್ರತಿ ದೀಪಾವಳಿಗೆ ಸುಣ್ಣ ತರುವನು.

ಈ ವಾರ ಅವನು ಇಳಕಲ್ಲಿನ ಬಸ್ಸು ಹತ್ತಿದ್ದೇ ತಡ, ಅತ್ತೆ ಸೊಸೆಯ ಕೈ ಹಿಡಿದಳು. “ಮೂರು ದಿನ ಐತಿ. ಏನಂತಿ?”

ಬಸಲಿಂಗವ್ವನಿಗೆ ಮಾವನ ಅಂಜಿಕೆ. ಆದರೂ ಹ್ಞೂಂ ಎಂದಳು. ಇಬ್ಬರೂ ನಗುತ್ತ, ಒಬ್ಬರ ಬಾಯಿ ಒಬ್ಬರು ಮುಚ್ಚುತ್ತ, ಕಾಳಿನ ಹಗೇವು ತುಂಬುವಷ್ಟು ಸಾಮಾನು ಹೊರಗೆ ಹೊತ್ತರು. ಮೊದಲ ಗೋಡೆ ಒಣಗಿದಾಗ ಅತ್ತೆ ಹೊರಗೆ ಹೋಗಿ ಹೊಸ್ತಿಲು ದಾಟಿ ಒಳಬಂದಳು. ಮತ್ತೆ ಹೋದಳು, ಮತ್ತೆ ಬಂದಳು. ಬೀಗರ ಮನೆಗೆ ಬಂದವಳ ಹಾಗೆ ಸೆರಗು ಸರಿಮಾಡಿಕೊಂಡು, ನಾಲ್ಕು ಸಲ.

*

“ಬಸ್ಸು ಬಂತಬೇ!” ಎಂದು ಪದ್ಮವ್ವ ಕೂಗಿದಳು. ಅಷ್ಟರಲ್ಲಿ ಅವಳೇ ಸೀರೆ ಎತ್ತಿಕಟ್ಟಿ ಏಣಿ ಹಿಡಿದಿದ್ದಳು. ಬಾಗಿಲ ಪಕ್ಕದಲ್ಲಿ ಮೊಳದಗಲ ಬಿಳಿ ಉಳಿದಿತ್ತು.

ಗುರಪ್ಪ ಹೊಸ್ತಿಲಲ್ಲೇ ನಿಂತ. ಹೆಂಡತಿಯನ್ನು ನೋಡಿದ. ಗೋಡೆಗಳನ್ನು ನೋಡಿದ. ಹೋಗಿ ಅವಳ ತಲೆಯ ಬಳಿ ಕುಳಿತು ಬಹಳ ಹೊತ್ತು ಹಣೆ ಸವರಿದ.

“ಯಾರನ್ನ ಕೇಳಿ ಹಚ್ಚಿದ್ರಿ?”

ಇನ್ನು ಸುಣ್ಣ ತರಿಸಿದರೆ ಮುಗಿಯಿತು ಎನಿಸಿ ಬಸಲಿಂಗವ್ವ ಬಣ್ಣದ ಬಕೆಟ್ಟಿಗೆ ಅಡ್ಡ ನಿಂತಳು.

“ಅತ್ತಿ ಹಚ್ಚಸಿದ್ರು. ನಾನೂ ಹ್ಞೂಂ ಅಂದೀನಿ.”

“ನನ್ನ ಯಾಕ ಕೇಳಲಿಲ್ಲ?”

“ಒಂಬತ್ತು ದೀಪಾವಳಿ ಕೇಳ್ಯಾರ್ರಿ ಮಾವ.”

ಗುರಪ್ಪ ಎದ್ದ. ಖಾಸಿಂಸಾಬನ ಕೈಯಿಂದ ಕುಂಚ ಕಿತ್ತುಕೊಂಡ. ಬಸಲಿಂಗವ್ವ ಕಣ್ಣು ಮುಚ್ಚಿದಳು.

“ಅಣ್ಣಾ, ಅಡ್ಡ ಎಳೀಬ್ಯಾಡ್ರಿ, ಮ್ಯಾಲಿಂದ ಕೆಳಗ...” ಎಂದ ಖಾಸಿಂಸಾಬನ ದನಿ ಕೇಳಿ ಕಣ್ಣು ತೆರೆದಳು.

ನೇಕಾರನ ಕೈ ಕೇಳುತ್ತಿರಲಿಲ್ಲ. ಮಗ್ಗದಲ್ಲಿ ಲಾಳಿ ಎಸೆದಂತೆ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ, ಕುಂಚ ಆ ಬಿಳಿಯ ಮೇಲೆ ಓಡಾಡುತ್ತಿತ್ತು. ಅವನ ಅಂಗಿಯ ತೋಳಿನಿಂದ ಹಳದಿ ತೊಟ್ಟಿಕ್ಕುತ್ತಿತ್ತು.