ಎಡಗಡೆಯ ಗೀರು

ಅತ್ತೆಯನ್ನು ಆರು ಗಂಟೆಯ ಬಸ್ಸಿಗೆ ಹತ್ತಿಸಿ ವಾಪಸು ಬಂದವನು ಕಾರನ್ನು ಅಂಗಳದಲ್ಲಿ ನಿಲ್ಲಿಸಿದ. ಎಂಜಿನ್ ಆರಿಸಿ, ಸುಮಾರು ಹೊತ್ತು ಸೀಟಿನಲ್ಲೇ ಕೂತಿದ್ದು, ಆಮೇಲೆ ಇಳಿದು ಎಡಗಡೆಗೆ ಹೋಗಿ ನೋಡಿದ. ಮುಂದಿನ ಚಕ್ರದ ಮೇಲಿಂದ ಬಾಗಿಲಿನವರೆಗೆ ಮೊಳದುದ್ದದ ಗೀರು. ಕಾರು ಕಡುಗೆಂಪು. ಗೀರಿನೊಳಗೆ ಹತ್ತಿದ್ದ ಬಣ್ಣ ಹಸಿರು.

ವಾಪಸು ಬರುವಾಗ ಚರಂಡಿ ಪಕ್ಕದ ಓಣಿಯಲ್ಲಿ 'ಟಕ್' ಅಂದಿತ್ತು. ರಾತ್ರಿಯೆಲ್ಲ ಅತ್ತೆಯ ಗಂಟುಮೂಟೆ ಕಟ್ಟಿ ನಿದ್ದೆಗೆಟ್ಟ ಕಣ್ಣು ಅರೆಗಳಿಗೆ ಮುಚ್ಚಿತ್ತೇನೋ. ಕನ್ನಡಿಯಲ್ಲಿ ಬೆಳ್ಳಗೆ ಏನೇನೋ ಹರಡಿ ಬಿದ್ದಂತೆ ಕಂಡಿತು. ಕಾಲು ಬ್ರೇಕಿನ ಮೇಲೆ ಹೋಯಿತು, ಒತ್ತಿತು ಕೂಡ. ಆಮೇಲೆ ಅದೇ ಕಾಲು ಪಕ್ಕಕ್ಕೆ ಸರಿದು ಆಕ್ಸಿಲರೇಟರ್ ತುಳಿಯಿತು. ಯಾಕೆ ಅಂತ ಅವನಿಗೇ ಗೊತ್ತಿಲ್ಲ. ಮನೆ ಮುಟ್ಟುವವರೆಗೂ 'ಪೇಪರ್ ಕಟ್ಟು ಇರಬೇಕು, ಯಾರೋ ಬಿಸಾಡಿದ್ದು' ಅಂತ ತನಗೆ ತಾನೇ ಹೇಳಿಕೊಂಡು ಬಂದ.

ಊರಿನ ಕನ್ನಡಕದಂಗಡಿಯಲ್ಲಿ ಗಾಜು ಅರೆದು ನುಣುಪು ಮಾಡುವುದು ಅವನ ಕಸುಬು. ಎಲ್ಲರೂ ಕರೆಯುವುದು 'ಕನ್ನಡಕದಣ್ಣ' ಅಂತ. ಯಾವ ಗೀರನ್ನು ಎಷ್ಟು ಉಜ್ಜಿದರೆ ಮಾಯವಾಗುತ್ತದೆ ಅನ್ನುವುದು ಅವನ ಬೆರಳಿಗೆ ಗೊತ್ತು. ಅತ್ತೆಯನ್ನು ಬೀಳ್ಕೊಟ್ಟು ಮತ್ತೆ ಮಲಗಿದ್ದ ಹೆಂಡತಿ ಇನ್ನೂ ಎದ್ದಿರಲಿಲ್ಲ. ಅವನು ಬಟ್ಟೆಯನ್ನೂ ಬದಲಿಸದೆ ಎರಡು ಬಕೆಟ್ ನೀರು ತಂದ. ಒಂದರಲ್ಲಿ ಸೋಪಿನ ನೀರು, ಒಂದರಲ್ಲಿ ಬರೀ ನೀರು. ಮೇಲಿಂದ ಕೆಳಕ್ಕೆ ತೊಳೆದ. ಒಂದು ಕಾಳು ಮರಳು ಉಳಿದರೂ ಉಜ್ಜುವಾಗ ಹೊಸ ಗೀರು ಬೀಳುತ್ತದೆ. ಒರೆಸಿ ಒಣಗಿಸಿ, ರಬ್ಬಿಂಗ್ ಪೇಸ್ಟಿನ ಡಬ್ಬಿ ತೆಗೆದು, ಒದ್ದೆ ಬಟ್ಟೆಗೆ ಕಡಲೆಕಾಳಿನಷ್ಟು ಮೆತ್ತಿ, ಅಂಗೈಯಗಲದ ಜಾಗದಲ್ಲಿ ಸಣ್ಣ ಸಣ್ಣ ಸುತ್ತು ಹಾಕತೊಡಗಿದ.

ಹಸಿರು ಬಟ್ಟೆಗೆ ಬಂತು. ಬಂದಷ್ಟೂ ಅವನ ಉಸಿರು ಸಡಿಲಾಯಿತು. ಆದರೆ ಉಜ್ಜಿದ ಜಾಗ ಒಂದೇ ಹೊಚ್ಚಹೊಸದಾಗಿ ಹೊಳೆಯತೊಡಗಿದಾಗ ಕೈ ತೆಗೆದು, ಹಿಂದೆ ಸರಿದು ನೋಡಿದ. ಮಿಕ್ಕ ಕಾರೆಲ್ಲ ಏಳು ವರ್ಷದ ಬಿಸಿಲು ಕುಡಿದು ಮಂಕಾಗಿತ್ತು. ಇದೊಂದು ಕಡೆ ಮಾತ್ರ ಫಳಫಳ ಅಂದರೆ, ಇಲ್ಲಿ ಏನೋ ಆಗಿದೆ ಅಂತ ಬೋರ್ಡು ಹಾಕಿದ ಹಾಗೆ. ಇಡೀ ಕಾರಿಗೆ ಪಾಲಿಶ್ ಮಾಡದೆ ಬೇರೆ ದಾರಿ ಇರಲಿಲ್ಲ.

ಎಂಟು ಗಂಟೆಗೆ ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಕಾಫಿ ಲೋಟ ಹಿಡಿದು, ಬಗಲಲ್ಲಿ ಮಡಚುವ ಕುರ್ಚಿ ಇರುಕಿಕೊಂಡು ಬಂದರು. ಯಾರಾದರೂ ಕೆಲಸ ಮಾಡುತ್ತಿದ್ದರೆ ಕೂತು ನೋಡುವುದು ಅವರಿಗೆ ಪೆನ್ಷನ್ನಿಗಿಂತ ಹೆಚ್ಚಿನ ಸುಖ.

"ಏನಪ್ಪಾ ಇದು, ಸೂರ್ಯ ಎಲ್ಲಿ ಹುಟ್ಟಿದ ಇವತ್ತು? ಏಳು ವರ್ಷದಲ್ಲಿ ಈ ಗಾಡಿಗೆ ಸ್ನಾನ ಮಾಡ್ಸಿದ್ದೇ ನಾನು ಕಂಡಿಲ್ಲ."

"ಹಾಗೇ ಸುಮ್ನೆ, ಸಾರ್."

"ಸುಮ್ನೆ ಯಾರಾದ್ರೂ ಇಷ್ಟು ಬೆವರ್ತಾರಾ? ಏನೋ ತಪ್ಪು ಮಾಡಿದೀಯ. ಹೆಂಡ್ತಿನ ಒಲಿಸ್ಕೊಳೋಕೆ ತಾನೇ?" ಅಂದು ತಾವೇ ಗಹಗಹಿಸಿ ನಕ್ಕರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನು ತನಗೆ ಗೊತ್ತಿಲ್ಲದೆ ಗೀರಿದ್ದ ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟಿದ್ದ.

ಅವರು ಹೋಗುವವರೆಗೆ ಬಲಗಡೆ ಉಜ್ಜಿದ. ಬಂಪರಿನ ಬೆಳ್ಳಿಬಣ್ಣದ ಪಟ್ಟಿಗೆ ಹತ್ತಿಯ ಉಂಡೆಯಲ್ಲಿ ಲೋಹದ ಪಾಲಿಶ್ ಹಚ್ಚಿದ. ಹತ್ತಿ ಕರ್ರಗಾಯಿತು, ಪಟ್ಟಿ ಬೆಳಗಿತು. ಪೋಸ್ಟ್‌ಮಾಸ್ಟರು ಅದರಲ್ಲಿ ಮುಖ ನೋಡಿಕೊಂಡು, "ಭೇಷ್, ನನ್ನ ಹಲ್ಲು ಕಾಣ್ತಿದೆ, ಇರೋ ಮೂರೂ," ಅಂದು ಕುರ್ಚಿ ಮಡಚಿದರು.

ತರಕಾರಿ ತರಲು ಹೋಗಿದ್ದ ಹೆಂಡತಿ ಒಂಬತ್ತರ ಹೊತ್ತಿಗೆ ಓಡೋಡಿ ಬಂದಳು. ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದರಲ್ಲಿ ಕೆಸರು ಸೋರುವ ಗಂಟು.

"ರೀ, ಕೇಳಿದ್ರಾ? ಇಸ್ತ್ರಿ ಅಜ್ಜನ್ನ ಯಾವನೋ ಪಾಪಿ ಗುದ್ದಿ ಹೋಗಿದಾನೆ! ಬೆಳಿಗ್ಗೆ ಇಸ್ತ್ರಿ ಬಟ್ಟೆ ಕೊಡೋಕೆ ಸೈಕಲ್ಲಲ್ಲಿ ಹೊರಟಿದ್ರಂತೆ. ಸೊಂಟ ಮುರಿದಿದೆ. ಚರಂಡೀಲಿ ಅರ್ಧ ಗಂಟೆ ಬಿದ್ದಿದ್ರಂತೆ, ನೋಡೋರು ದಿಕ್ಕಿಲ್ದೆ." ಗಂಟು ಬಿಚ್ಚಿದಳು. ಅವನದೇ ಎರಡು ಬಿಳಿ ಅಂಗಿಗಳು. "ನಮ್ಮ ಬಟ್ಟೇನೂ ಅದರಲ್ಲೇ ಇತ್ತು. ಅಂಥವನ ಕೈ ಬಿದ್ದು ಹೋಗ್ಲಿ. ನಿಲ್ಲಿಸಿ ನೋಡೋಕೂ ಆಗ್ಲಿಲ್ವಾ?"

ಅವನು ಒರೆಸಿದ ಪಟ್ಟಿಯನ್ನೇ ಮತ್ತೆ ಒರೆಸಿದ.

"ನೀವೂ ಅದೇ ದಾರೀಲಿ ಬಂದಿರಲ್ಲ, ಏನೂ ಕಾಣ್ಲಿಲ್ವಾ?"

"ನಾನು ದೊಡ್ಡ ರಸ್ತೇಲಿ ಬಂದೆ," ಅಂದ. ಸುಳ್ಳು ಅವನೇ ಬೆರಗಾಗುವಷ್ಟು ಸಲೀಸಾಗಿ ಬಂತು.

ಅವಳು ಅಲ್ಲೇ ನಲ್ಲಿಯ ಕೆಳಗೆ ಕೂತು ಅಂಗಿಗಳನ್ನು ಕುಕ್ಕಿ ಒಗೆಯತೊಡಗಿದಳು. ಅವನು ಎಡಗಡೆಗೆ ಹೋದ. ಹಸಿರು ಹೋಗಿತ್ತು, ಆದರೆ ಬಿಸಿಲು ಓರೆಯಾಗಿ ಬಿದ್ದಾಗ ಕೂದಲೆಳೆಯಂಥ ಗೆರೆ ಇನ್ನೂ ಕಾಣುತ್ತಿತ್ತು. ಉಜ್ಜಿದ. ಇನ್ನಷ್ಟು ಪೇಸ್ಟ್ ಮೆತ್ತಿ ಉಜ್ಜಿದ. ಬಾಗಿಲಿನ ಅಂಚಿನಲ್ಲಿ ಬಣ್ಣದ ಪದರ ತೆಳು, ಅಲ್ಲಿ ಕೈ ಹಗುರ ಇರಬೇಕು. ಗೊತ್ತಿದ್ದೂ ಕೈ ಮಾತು ಕೇಳಲಿಲ್ಲ. ಉಗುರಿನ ಸಂದಿಯೆಲ್ಲ ಕೆಂಪಾಯಿತು. ಬಟ್ಟೆಯೂ ಕೆಂಪಾಯಿತು. ಕೆಂಪೇಕೆ ಬರುತ್ತಿದೆ ಅಂತ ಹೊಳೆಯುವಷ್ಟರಲ್ಲಿ ಅಂಚಿನ ಬಣ್ಣ ಸವೆದು, ಕೆಳಗಿನ ಬೂದು ಅಸ್ತರು ಕಜ್ಜಿಯ ಹಾಗೆ ಎದ್ದು ಕೂತಿತ್ತು.

ಮೇಣ ಹಚ್ಚಿದ. ತೆಳುವಾಗಿ ಸವರಿ, ಮಂಜು ಕವಿದ ಹಾಗೆ ಬೆಳ್ಳಗೆ ಒಣಗುವವರೆಗೆ ಕಾಯಬೇಕು, ಆಮೇಲೆ ಮೆತ್ತನೆ ಬಟ್ಟೆಯಲ್ಲಿ ಒರೆಸಬೇಕು. ಕಾಯುವ ಆ ಹತ್ತು ನಿಮಿಷ ಅವನಿಗೆ ತಡೆಯಲಾಗಲಿಲ್ಲ. ಅರೆಬರೆ ಒಣಗಿದ್ದನ್ನೇ ಒರೆಸಿದ. ಪಟ್ಟೆಪಟ್ಟೆಯಾಯಿತು. ಮತ್ತೆ ಹಚ್ಚಿದ. ಬೂದು ಮಚ್ಚೆ ಮೇಣದ ಕೆಳಗಿಂದ ಇನ್ನೂ ಚೆನ್ನಾಗಿ ಹೊಳೆಯಿತು. ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ತಲೆಯನ್ನು ಬಾಗಿಲಿಗೆ ಆನಿಸಿದ. ಅಳು ಬಂತು, ಆದರೆ ನಾಲ್ಕು ಮಾರು ದೂರದಲ್ಲಿ ಹೆಂಡತಿ ಬಟ್ಟೆ ಹಿಂಡುತ್ತಿದ್ದಳು.

ಹನ್ನೊಂದಕ್ಕೆ ಗೇಟು ಕಿರ್ರೆಂದಿತು. ಇಸ್ತ್ರಿ ಅಜ್ಜನ ಹೆಂಡತಿ, ಅಜ್ಜಿ, ನಿಂತಿದ್ದಳು.

"ಅಣ್ಣಾ, ನಿಮ್ಮ ಬಟ್ಟೆ ಎಲ್ಲಾ ಕೆಸರಾಗೋಯ್ತು. ತಪ್ಪು ತಿಳ್ಕೋಬೇಡಿ. ವಾಸಿಯಾದ್ಮೇಲೆ ಇನ್ನೊಂದ್ಸಲ ಮಾಡ್ಕೊಡ್ತಾರೆ."

ಕ್ಷಮೆ ಕೇಳಲು ಬಂದಿದ್ದಳು! ಹೆಂಡತಿ ಒದ್ದೆ ಕೈಯಲ್ಲೇ ಅವಳ ಹೆಗಲು ಹಿಡಿದು, "ಬಟ್ಟೆ ಮನೆ ಹಾಳಾಗ್ಲಿ ಅಜ್ಜೀ, ಆಸ್ಪತ್ರೆಗೆ ಹೋಗ್ಬೇಕಲ್ವಾ ನೀವು? ಇವರು ಬಿಡ್ತಾರೆ. ರೀ, ಹೊರಡಿ," ಅಂದಳು.

ಅಜ್ಜಿ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ಹಿಂದಿನ ಸೀಟಿನ ತುದಿಯಲ್ಲಿ ಕೂತಳು. "ಇಷ್ಟು ಚೊಕ್ಕ ಇಟ್ಟಿದೀರ, ನನ್ನ ಕಾಲೆಲ್ಲ ಮಣ್ಣು," ಅಂದಳು. ಅವನು ಗಾಡಿಯನ್ನು ದೊಡ್ಡ ರಸ್ತೆಯ ಕಡೆ ತಿರುಗಿಸಿದ.

"ಅಣ್ಣಾ, ಓಣೀಲೇ ಹೋಗಿ, ಹತ್ತಿರ."

ಹೋದ. ಚರಂಡಿಯ ಪಕ್ಕ, ಗೋಡೆಗೆ ಒರಗಿಸಿದ ಹಸಿರು ಸೈಕಲ್ಲು. ಮುಂದಿನ ಚಕ್ರ ಸೊಟ್ಟಗಾಗಿತ್ತು. ಅವನ ಕಾಲು ಬ್ರೇಕಿನ ಮೇಲೆ ಹೋಯಿತು. ಈ ಸಲ ಅಲ್ಲೇ ಉಳಿಯಿತು.

"ಯಾಕಣ್ಣಾ ನಿಲ್ಲಿಸಿದ್ರಿ?"

ಅವನು ಹಿಂತಿರುಗಿ ನೋಡದೆ ಹೇಳಿದ. "ಗುದ್ದಿದ್ದು ನಾನೇ ಅಜ್ಜೀ."

ಹಿಂದಿನ ಸೀಟಿನಲ್ಲಿ ಚಪ್ಪಲಿ ಕೆಳಗೆ ಬಿದ್ದ ಸದ್ದಾಯಿತು. ಆಮೇಲೆ ಸಣ್ಣ ದನಿ ಬಂತು. "ಚರಂಡಿ ನೀರು ಬಾಯೊಳಗೆ ಹೋಗ್ತಿತ್ತಂತೆ. ಆ ಹೊತ್ತಲ್ಲಿ ನೀವೇನು ಮಾಡ್ತಿದ್ರಿ?"

"ಕಾರು ತೊಳೀತಿದ್ದೆ."

ಅಜ್ಜಿ ಬಾಗಿಲು ತೆರೆದು ಒಂದು ಕಾಲು ಕೆಳಗಿಟ್ಟಳು. ಮತ್ತೆ ಒಳಗೆಳೆದುಕೊಂಡಳು. "ನಡ್ಕೊಂಡು ಹೋಗೋ ಶಕ್ತಿ ಇದ್ದಿದ್ರೆ ಇಳ್ದು ಹೋಗ್ತಿದ್ದೆ. ನಡೀರಿ."

ಆಸ್ಪತ್ರೆಯ ಬಾಗಿಲಲ್ಲಿ ಅವಳು ಅವನನ್ನು ಕಾಯಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅವನು ಹಿಂದೆಯೇ ಹೋದ. ಉದ್ದನೆ ವಾರ್ಡಿನ ಕೊನೆಯ ಮಂಚ. ಅಜ್ಜನ ಕಾಲಿಗೆ ತೂಕ ಕಟ್ಟಿ ಜಗ್ಗಿದ್ದರು. ಪಕ್ಕದಲ್ಲಿ ಪೊಲೀಸಿನವನೊಬ್ಬ ಕಾಗದ ಹಿಡಿದು, ಯಾವ ಗಾಡಿ, ಯಾವ ಬಣ್ಣ ಅಂತ ಕೇಳುತ್ತಿದ್ದ. ಕನ್ನಡಕದಣ್ಣ ಮಂಚದ ಕಾಲ ಬಳಿ ನಿಂತು ಇಬ್ಬರಿಗೂ ಒಟ್ಟಿಗೆ ಹೇಳಿಬಿಟ್ಟ.

ಪೊಲೀಸಿನವನು ಬರೆಯುವುದನ್ನು ನಿಲ್ಲಿಸಿದ. ಅಜ್ಜ ಅವನನ್ನೇ ದಿಟ್ಟಿಸಿ ನೋಡಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ.

"ಹಿಂದಿನ ಕೆಂಪು ಲೈಟು ಹತ್ತಿದ್ದು ಕಂಡೆ," ಅಂದರು ಅಜ್ಜ. "ನಿಲ್ತಾರೆ ಅನ್ಕೊಂಡೆ. ಕೈ ಎತ್ತಿದೆ."

ಅವನು ಜೇಬಿನಿಂದ ಕಾರಿನ ಕೀಲಿ ತೆಗೆದು ಪೊಲೀಸಿನವನ ಕೈಗೆ ಕೊಟ್ಟ.

ಕೇಸಾಯಿತು. ಲೈಸೆನ್ಸನ್ನು ಒಂದು ವರ್ಷಕ್ಕೆ ಕಿತ್ತುಕೊಂಡರು. ಹೆಂಡತಿ ಹದಿನೈದು ದಿನ ಮಾತಾಡಲಿಲ್ಲ. ಆಡಿದ ಮೊದಲ ಮಾತು, "ಗುದ್ದಿದ್ದಕ್ಕಲ್ಲ, ನಾನು ಕೇಳಿದಾಗ ಸುಳ್ಳು ಹೇಳಿದ್ರಲ್ಲ, ಅದಕ್ಕೆ." ಪೋಸ್ಟ್‌ಮಾಸ್ಟರು ಕಂಡಾಗ ತಲೆ ಆಡಿಸಿ, ಕುರ್ಚಿ ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ಅವರ ಬಾಯಿಗೆ ಒಂದು ತಮಾಷೆಯೂ ಬರುತ್ತಿರಲಿಲ್ಲ.

ಎರಡು ತಿಂಗಳಿಗೆ ಅಜ್ಜ ಮನೆಗೆ ಬಂದರು. ಇಸ್ತ್ರಿ ಮೇಜಿನ ಮುಂದೆ ಎತ್ತರದ ಸ್ಟೂಲಿನಲ್ಲಿ ಕೂತು ಕೆಲಸ ಶುರುಮಾಡಿದರು. ಕೂತು ತೀಡಬಹುದು, ಆದರೆ ಮನೆಮನೆಗೆ ಮುಟ್ಟಿಸುವವರಿಲ್ಲ. ಅವನು ಒಂದು ಭಾನುವಾರ ಹೋಗಿ, "ಬಟ್ಟೆ ನಾನು ಕೊಟ್ಟು ಬರ್ತೀನಿ," ಅಂದ. ಅಜ್ಜಿ ಬಾಗಿಲು ಹಾಕಿಕೊಂಡಳು. ಮುಂದಿನ ಭಾನುವಾರ ಹೋದ. ಅಂದೂ ಹಾಕಿಕೊಂಡಳು.

ಮೂರನೆಯ ಸಲ ಅವಳು ಬಾಗಿಲು ಹಾಕಲಿಲ್ಲ. ಒಳಗೆ ಹೋಗಿ, ಬಿಸಿ ಆರದ ಎರಡು ಗಂಟುಗಳನ್ನು ತಂದು ಅವನ ತೋಳಿಗೆ ಹಾಕಿದಳು.

"ದೊಡ್ಡದು ಮೂಲೆ ಮನೆಗೆ, ಚಿಕ್ಕದು ಮಹಡಿ ಮನೆ ಟೀಚರಿಗೆ. ಮಡಿಕೆ ಕೆಡಬಾರ್ದು," ಅಂದಳು.

ಅವನು ಎರಡೂ ಗಂಟುಗಳನ್ನು ಎದೆಗೆ ಅವಚಿ ಹಿಡಿದು, ರಸ್ತೆಯ ಅಂಚಿನಲ್ಲಿ ನಡೆದುಕೊಂಡು ಹೊರಟ.