ಹಸಿರು ಬಳಿದ ಬೀಗ

ಕ್ಷಮಿಸಿದ್ದೇನೆ ಎಂದು ಮೈಕಿನಲ್ಲಿ ಹೇಳಬೇಕಂತೆ. ಅಷ್ಟೇ ಕೆಲಸ. ನಮ್ಮ ಬಟ್ಟೆ ಕಾರ್ಖಾನೆಯ ಸೂಪರ್‌ವೈಸರ್ ನನ್ನ ಹೊಲಿಗೆ ಯಂತ್ರದ ಪಕ್ಕ ಬಂದು ಇದನ್ನು ಹೇಳಿದಾಗ ನಾನು ಶರ್ಟಿಗೆ ಕಾಲರ್ ಕೂರಿಸುತ್ತಿದ್ದೆ. ಮಾತಾಡುವಾಗಲೂ ಕೈಗಡಿಯಾರ ನೋಡುವ ಅವನನ್ನು ನಾವೆಲ್ಲ ಗಡಿಯಾರ ಎಂದೇ ಕರೆಯುವುದು. ಬೆಂಕಿ ಬಿದ್ದು ವರ್ಷ ತುಂಬುತ್ತಿದೆ, ಯಜಮಾನರು ಸರ್ವಧರ್ಮ ಪ್ರಾರ್ಥನೆ ಇಟ್ಟುಕೊಂಡಿದ್ದಾರೆ, ಶಾಸ್ತ್ರಿಗಳು, ಮೌಲ್ವಿಗಳು, ಪಾದ್ರಿಗಳು ಮೂವರೂ ಕ್ಷಮೆಯ ಬಗ್ಗೆ ಮಾತಾಡುತ್ತಾರೆ, ಕೊನೆಯಲ್ಲಿ ನೀನು ಎರಡು ಮಾತು ಹೇಳಿದರೆ ಮುಗಿಯಿತು ಎಂದ. ನಮ್ಮ ಶರ್ಟು ಕೊಳ್ಳುವ ದೊಡ್ಡ ಕಂಪನಿಯವರು ಮುಂದಿನ ಸಾಲಿನಲ್ಲಿರುತ್ತಾರಂತೆ. ಒಲ್ಲೆ ಎಂದರೆ ಈ ಯಂತ್ರದ ಮುಂದೆ ನಾಳೆಯಿಂದ ಬೇರೆಯವರು ಕೂರುತ್ತಾರೆ ಎಂಬುದನ್ನೂ ಗಡಿಯಾರ ನೋಡಿಕೊಂಡೇ ಹೇಳಿದ.

ಆ ಬೆಂಕಿಯಲ್ಲಿ ಹೋದವಳು ನನ್ನ ತಂಗಿ. ಗುಂಡಿ ಹಚ್ಚುವವರ ಸಾಲಿನಲ್ಲಿ ಅವಳದು ಕೊನೆಯ ಜಾಗ, ಹಿಂಬಾಗಿಲ ಹತ್ತಿರ. ಮುಂಬಾಗಿಲ ಕಡೆ ಇದ್ದ ನಾವೆಲ್ಲ ಕೆಮ್ಮುತ್ತ ಹೊರಗೆ ಬಿದ್ದೆವು. ಅವಳು ತನಗೆ ಹತ್ತಿರವಿದ್ದ ಬಾಗಿಲಿಗೆ ಓಡಿದಳು. ಅದಕ್ಕೆ ಒಳಗಿನಿಂದ ಬೀಗ. ನಾವು ಶರ್ಟು ಕದ್ದು ಸಾಗಿಸಿಬಿಡುತ್ತೇವೆ ಎಂಬ ಹೆದರಿಕೆಗೆ ಯಜಮಾನರು ಹಾಕಿಸಿದ ಬೀಗ ಅದು.

ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತ ಗಾದೆ ಇದೆ. ಅವರಿಗಾದರೂ ಆಮೇಲೆ ಬುದ್ಧಿ ಬಂತು. ನಮ್ಮ ಯಜಮಾನರು ಮಸಿ ಕಾಣಬಾರದೆಂದು ಗೋಡೆಗೆ ಬಿಳಿ ಬಳಿಸಿದರು, ಬಾಗಿಲಿಗೆ ಹಸಿರು. ಬೀಗ ತೆಗೆಯಲು ಯಾರಿಗೂ ತೋಚಲಿಲ್ಲ, ಬಣ್ಣದವನು ಬೀಗಕ್ಕೂ ಸೇರಿಸಿ ಬಳಿದು ಹೋದ. ದಿನಾ ಕತ್ತೆತ್ತಿದರೆ ಅದೇ ಕಾಣುತ್ತದೆ.

ಮನೆಯಲ್ಲಿ ಅಮ್ಮ, ಬಾಯಿಮಾತು ತಾನೇ, ಹೇಳಿಬಿಡು, ಹೋದವಳು ವಾಪಸ್ ಬರ್ತಾಳಾ, ಇರುವ ಕೆಲಸವನ್ನಾದರೂ ಉಳಿಸಿಕೋ ಎಂದಳು. ಹೇಳಿದವಳೇ ಗೋಡೆಯ ಕಡೆ ತಿರುಗಿ ಮಲಗಿದಳು. ಊಟಕ್ಕೆ ಕರೆದರೂ ಏಳಲಿಲ್ಲ.

ಪ್ರಾರ್ಥನೆಯ ದಿನ ಯಂತ್ರಗಳನ್ನು ಗೋಡೆಗೆ ಒತ್ತರಿಸಿ ಕುರ್ಚಿ ಹಾಕಿದ್ದರು. ವೇದಿಕೆ ಎಲ್ಲಿ ಹಾಕಿದ್ದರು ಗೊತ್ತೇ? ಹಿಂಬಾಗಿಲಿಗೆ ಅಡ್ಡಲಾಗಿ. ಬಾಗಿಲು ಕಾಣದಂತೆ ನೀಲಿ ಪರದೆ ಬೇರೆ. ಅಮ್ಮನನ್ನು ಎರಡನೇ ಸಾಲಿನಲ್ಲಿ ಕೂರಿಸಿ ನಾನು ಮೇಲೆ ಹತ್ತಿದೆ. ಹೊಸ ಸೀರೆ ಉಟ್ಟಿದ್ದರೂ ದಾರ ಕತ್ತರಿಸುವ ಪುಟ್ಟ ಕತ್ತರಿ ಅಭ್ಯಾಸಬಲದಿಂದ ಕೊರಳಲ್ಲೇ ನೇತಾಡುತ್ತಿತ್ತು.

ಮೂವರೂ ಚೆನ್ನಾಗಿಯೇ ಮಾತಾಡಿದರು, ಸುಳ್ಳು ಯಾಕೆ ಹೇಳಲಿ. ಕ್ಷಮಿಸುವವನಷ್ಟು ಬಲಶಾಲಿ ಇನ್ನೊಬ್ಬನಿಲ್ಲ ಎಂದರು ಶಾಸ್ತ್ರಿಗಳು. ಜನರನ್ನು ಮನ್ನಿಸುವವರ ಮೇಲೆ ದೇವರಿಗೆ ಪ್ರೀತಿ ಹೆಚ್ಚು ಎಂದರು ಮೌಲ್ವಿಗಳು. ಎಷ್ಟು ಸಲ ಎಂದು ಲೆಕ್ಕವಿಡದೆ ಕ್ಷಮಿಸಬೇಕು ಎಂದರು ಪಾದ್ರಿಗಳು. ಮಾತು ಮೂರು, ಮೂರೂ ನನ್ನ ಕಡೆಗೇ ತಿರುಗಿದ್ದವು. ನಡುವಿನ ಮೆತ್ತನೆಯ ಕುರ್ಚಿಯಲ್ಲಿ ಕೂತಿದ್ದ ಯಜಮಾನರ ಕಡೆ ಒಂದೂ ಹೋಗಲಿಲ್ಲ.

ಮೈಕು ನನ್ನ ಕೈಗೆ ಬಂತು. ಗಡಿಯಾರ ಕೆಳಗಿನಿಂದ, ಬೇಗ ಮುಗಿಸು ಎಂದು ಸನ್ನೆ ಮಾಡಿದ.

"ಕ್ಷಮಿಸೋರು ಏನು ಮಾಡ್ಬೇಕು ಅಂತ ಮೂರೂ ಜನ ಹೇಳಿದ್ರಿ. ತಪ್ಪು ಮಾಡಿದೋರು ಏನು ಮಾಡ್ಬೇಕು? ನಿಮ್ಮ ನಿಮ್ಮ ಧರ್ಮದಲ್ಲಿ ಅದಕ್ಕೆ ಏನಿದೆ, ಸ್ವಲ್ಪ ಹೇಳಿ."

ಮೊದಲು ಮೌಲ್ವಿಗಳು ಮೈಕು ತೆಗೆದುಕೊಂಡರು.

"ದೇವರಿಗೆ ಮಾಡಿದ ತಪ್ಪನ್ನ ದೇವರು ಮನ್ನಿಸ್ತಾನೆ, ತಾಯಿ. ಮನುಷ್ಯರಿಗೆ ಮಾಡಿದ್ದನ್ನ ಆ ಮನುಷ್ಯರೇ ಮನ್ನಿಸ್ಬೇಕು. ಅವರಿಂದ ಕಿತ್ಕೊಂಡಿದ್ದನ್ನ ಮೊದಲು ಅವರಿಗೆ ವಾಪಸ್ ಕೊಡ್ಬೇಕು."

ಪಾದ್ರಿಗಳು, ನಮ್ಮಲ್ಲಿ ಕ್ಷಮೆಗೆ ಷರತ್ತಿಲ್ಲ ಎಂದು ಶುರು ಮಾಡಿ ನಡುವೆ ತಡೆದರು. ಆದರೆ ಕಾಣಿಕೆ ಹಿಡಿದು ದೇವರ ಮುಂದೆ ಬಂದವನಿಗೆ ತನ್ನಿಂದ ಯಾರೋ ನೊಂದದ್ದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವರ ಬಳಿಗೆ ಹೋಗಬೇಕು, ಪೂಜೆ ಪ್ರಾರ್ಥನೆಯೆಲ್ಲ ಆಮೇಲೆ ಎಂದರು. ಶಾಸ್ತ್ರಿಗಳು ನನ್ನನ್ನೇ ನೋಡಿ ಹೇಳಿದರು: ನೀನು ಕ್ಷಮಿಸಿದರೆ ನಿನ್ನ ಎದೆ ಹಗುರವಾಗುತ್ತದೆ ಮಗಳೇ, ಮಾಡಿದವನ ಕರ್ಮ ಹಗುರವಾಗುವುದಿಲ್ಲ, ಅವನ ಪ್ರಾಯಶ್ಚಿತ್ತವನ್ನು ಅವನೇ ಮಾಡಿಕೊಳ್ಳಬೇಕು.

ಮೂವರ ದಾರಿ ಒಂದೇ ಅಲ್ಲ. ಪಾದ್ರಿಗಳದ್ದು ನನಗೆ ಇವತ್ತಿಗೂ ಆಗದ ದಾರಿ. ಆದರೆ ತಪ್ಪು ಮಾಡಿದವನು ಕುರ್ಚಿಯಲ್ಲಿ ಕೂತೇ ಇರಲಿ ಎಂದು ಮೂವರಲ್ಲಿ ಒಬ್ಬರೂ ಹೇಳಲಿಲ್ಲ.

"ಹಾಗಾದ್ರೆ ಸ್ವಲ್ಪ ಏಳಿ," ಎಂದೆ ಯಜಮಾನರ ಕಡೆ ತಿರುಗಿ. "ಈ ಪರದೆ ಹಿಂದೆ ಬೀಗ ಇದೆ. ಅದನ್ನ ತೆಗೆಸಿ."

ಪರದೆಯನ್ನು ನಾನೇ ಎಳೆದೆ. ಮೌಲ್ವಿಗಳು ಎದ್ದು ತಮ್ಮ ಕುರ್ಚಿಯನ್ನು ತಾವೇ ಪಕ್ಕಕ್ಕಿಟ್ಟರು, ಉಳಿದಿಬ್ಬರೂ ಎದ್ದರು. ನಮ್ಮ ಹೆಣ್ಣುಮಕ್ಕಳು ಹತ್ತಿ ಬಂದು ವೇದಿಕೆಯ ಹಲಗೆಗಳನ್ನು ಒಂದೊಂದಾಗಿ ಕಿತ್ತರು. ಯಜಮಾನರು ಎಲ್ಲರಿಗಿಂತ ಕೊನೆಗೆ ಎದ್ದರು. ಮುಖ ಹುಳ್ಳಗಾಗಿತ್ತು. ಬೀಗ ಆಗಲೇ ತೆಗೆಸಿದ್ದೆನಲ್ಲ ಎಂದು ಮುಂದಿನ ಸಾಲಿನವರಿಗೆ ಏನೋ ಸಮಜಾಯಿಷಿ ಕೊಡಲು ಹೋದರು.

ಗಡಿಯಾರ ಕೀಗೊಂಚಲು ತಂದ. ಕೀ ಒಳಗೆ ಹೋಗಲಿಲ್ಲ, ತೂತಿನ ತುಂಬ ಬಣ್ಣ ಗಟ್ಟಿಯಾಗಿತ್ತು. ಒಂದು ವರ್ಷ ಅದನ್ನು ಯಾರೂ ಮುಟ್ಟಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಕೊಳ್ಳುವ ಕಂಪನಿಯವರು ಎದ್ದು ಹತ್ತಿರ ಬಂದು ನೋಡಿದರು. ನಾನು ಕೊರಳ ಕತ್ತರಿಯ ಮೊನೆಯಿಂದ ಬಣ್ಣವನ್ನು ಕೆರೆದು ಕೆರೆದು ತೆಗೆದೆ.

ಬೀಗ ತೆರೆಯಿತು. ಬಾಗಿಲ ಆಚೆ ಬರೀ ಒಂದು ಓಣಿ, ಬಿಸಿಲು, ಯಾರೋ ಒಣಹಾಕಿದ ಬಟ್ಟೆ. ಅಷ್ಟು ಹತ್ತಿರವಿತ್ತು.

ಯಜಮಾನರು ಮೆಲ್ಲಗೆ, "ಈಗಾದ್ರೂ ಆ ಒಂದು ಮಾತು ಹೇಳ್ತೀಯೇನಮ್ಮ?" ಎಂದರು.

"ನೀವು ಕೇಳ್ಬೇಕಾದೋಳು ಇದೇ ಬಾಗಿಲು ಬಡೀತಾ ಹೋದ್ಲು. ಅವಳ ಪರವಾಗಿ ಹೇಳೋಕೆ ನಾನ್ಯಾರು? ನನ್ನ ಪರವಾಗಿ ಕೇಳೋದಾದ್ರೆ, ನಾನು ಕ್ಷಮಿಸಿಲ್ಲ. ಈ ಬೀಗ ಮಾತ್ರ ನನಗೆ ಕೊಡಿ."

ಕೊಡುತ್ತಾರೋ ಬಿಡುತ್ತಾರೋ ಎಂದು ಕಾಯದೆ ಸೆರಗಿನಲ್ಲಿ ಕಟ್ಟಿಕೊಂಡೆ. ಅಮ್ಮ ಎರಡನೇ ಸಾಲಿನಿಂದ ಎದ್ದು ಬಂದು, ಯಾರನ್ನೂ ನೋಡದೆ, ಆ ಬಾಗಿಲಿನಿಂದಲೇ ಹೊರಗೆ ನಡೆದಳು. ಅವಳ ಹಿಂದೆ ನಾನು, ನನ್ನ ಹಿಂದೆ ಗುಂಡಿ ಹಚ್ಚುವವರ ಇಡೀ ಸಾಲು.

ಮರುದಿನ ನಾನು ಕೆಲಸಕ್ಕೆ ಹೋದದ್ದು ಹಿಂಬಾಗಿಲಿನಿಂದ. ಗಡಿಯಾರ ಕೈ ನೋಡಿಕೊಂಡು ಪಕ್ಕಕ್ಕೆ ಸರಿದ. ಬೀಗ ಮನೆಯಲ್ಲಿದೆ. ನಮ್ಮ ಬಾಗಿಲು ಗಾಳಿಗೆ ಮುಚ್ಚಿಕೊಳ್ಳದಂತೆ ಅಮ್ಮ ಅದನ್ನು ಅಡ್ಡ ಇಡುತ್ತಾಳೆ.