ಸೂಜಿಯ ಏಳನೆಯ ವರ್ಷ

ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಸೂಜಿ ಅನ್ನುತ್ತಿದ್ದರು. ಇಲಿಯ ಮಿದುಳನ್ನು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಸೀಳಿ, ಆ ಸೀಳನ್ನು ಉಪ್ಪುನೀರಿನಲ್ಲಿ ಜೀವಂತವಾಗಿಟ್ಟು, ಅದರೊಳಗಿನ ಒಂದೇ ಒಂದು ನರಕೋಶಕ್ಕೆ ಗಾಜಿನ ಸೂಜಿ ತಾಗಿಸಿ, ಅದರ ವಿದ್ಯುತ್ ಮಿಡಿತವನ್ನು ದಾಖಲಿಸುವುದು ಅಲ್ಲಿನ ಕೆಲಸ. ಸೂಜಿಯ ತುದಿ ಕೋಶವನ್ನು ಮುಟ್ಟಿದ ಕ್ಷಣ, ಅದಕ್ಕೆ ಜೋಡಿಸಿದ ಕೊಳವೆಯನ್ನು ಬಾಯಲ್ಲಿಟ್ಟುಕೊಂಡು ಒಂದಿಷ್ಟೇ ಉಸಿರು ಎಳೆಯಬೇಕು. ಹೆಚ್ಚಾದರೆ ಕೋಶ ಹರಿಯುತ್ತದೆ, ಕಡಿಮೆಯಾದರೆ ಹಿಡಿಯುವುದಿಲ್ಲ. ಉಳಿದವರಿಗೆ ಹತ್ತರಲ್ಲಿ ಎರಡು ಸಿಕ್ಕರೆ ಹಬ್ಬ. ಅವಳಿಗೆ ಎಂಟು ಸಿಗುತ್ತಿದ್ದವು.

ಆ ಎಂಟೇ ಅವಳ ಕೊರಳಿಗೆ ಉರುಳಾಯಿತು.

ಪಿಎಚ್‌ಡಿಗೆ ಸೇರಿದ ಎರಡನೆಯ ವರ್ಷ ಪ್ರೊಫೆಸರ್ ವಿದ್ಯಾರ್ಥಿಯೊಬ್ಬನನ್ನು ಕರೆತಂದು, "ಮಗಳೇ, ಇವನಿಗೊಂದು ನಾಲ್ಕು ಕೋಶ ಹಿಡಿದುಕೊಡು, ಪಾಪ, ಒದ್ದಾಡ್ತಿದಾನೆ" ಅಂದರು. ಹಿಡಿದುಕೊಟ್ಟಳು. ಮೂರನೆಯ ವರ್ಷ ಇನ್ನಿಬ್ಬರು ಬಂದರು. ಅವಳು ಹಿಡಿದ ಕೋಶಗಳ ಮೇಲೆ ಒಬ್ಬೊಬ್ಬರಾಗಿ ಪದವಿ ಪಡೆದರು. ಉಂಡೂ ಹೋದರು, ಕೊಂಡೂ ಹೋದರು. ಪ್ರತಿ ಬೀಳ್ಕೊಡುಗೆಯ ಫೋಟೋದಲ್ಲೂ ಅವಳೇ ನಡುವೆ ನಿಂತಿರುತ್ತಿದ್ದಳು. ಅವಳ ಸ್ವಂತ ಪ್ರಶ್ನೆ, ನಿದ್ದೆಗೆಟ್ಟ ಇಲಿಯ ನೆನಪಿನ ಕೋಶಗಳು ಮರುದಿನ ಚೇತರಿಸಿಕೊಳ್ಳುತ್ತವೆಯೇ ಎಂಬುದು, ಐದನೆಯ ವರ್ಷಕ್ಕೇ ಉತ್ತರ ಕಂಡಿತ್ತು. ಥೀಸಿಸ್ಸಿನ ನಾಲ್ಕು ಅಧ್ಯಾಯಗಳನ್ನೂ ಬರೆದಾಗಿತ್ತು. ಸಹಿಗೆ ತೆಗೆದುಕೊಂಡು ಹೋದಾಗಲೆಲ್ಲ ಪ್ರೊಫೆಸರ್ ಹಾಳೆ ತಿರುವಿ, "ಚೆನ್ನಾಗಿದೆ. ಇನ್ನೊಂದು ಪ್ರಯೋಗ ಸೇರಿಸಿದ್ರೆ ಚಿನ್ನಕ್ಕೆ ಪುಟ ಕೊಟ್ಟ ಹಾಗೆ" ಅನ್ನುತ್ತಿದ್ದರು. ಹಾಗೆ ಪುಟ ಕೊಡುತ್ತಲೇ ಏಳನೆಯ ವರ್ಷ ಬಂತು.

ಲ್ಯಾಬ್ ಇದ್ದದ್ದು ನೆಲಮಾಳಿಗೆಯಲ್ಲಿ. ರಸ್ತೆಯಲ್ಲಿ ಲಾರಿ ಹೋಗಿ ನೆಲ ಅದುರಿದರೂ ಸೂಜಿ ಜಾರುತ್ತದೆಂದು ಕಟ್ಟಡದಲ್ಲೇ ತಳದ ಕೋಣೆಯನ್ನು ಆರಿಸಿದ್ದರು. ಕಿಟಕಿಯಿಲ್ಲ. ನಡುವೆ ಗಾಳಿಯ ಒತ್ತಡದ ಮೇಲೆ ತೇಲುವ ಭಾರದ ಮೇಜು, ಅದರ ಸುತ್ತ ತಂತಿಜಾಲರಿ, ಮುಂದೆ ಕಪ್ಪು ಪರದೆ. ಒಂದು ಸೀಳು ಆರು ಗಂಟೆ ಬದುಕುತ್ತದೆ, ಆರು ಗಂಟೆಯೂ ಏಳುವಂತಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ಮೂರಕ್ಕೆ ಊಟ. ಹೊರಗೆ ಬಿಸಿಲಿದೆಯೋ ಮೋಡವೋ ಎಂದು ಬಂದವರ ಚಪ್ಪಲಿ ನೋಡಿ ತಿಳಿಯಬೇಕಿತ್ತು.

ಅವಳು ಅಕ್ಕನ ಜೊತೆ ವಾಸವಿದ್ದಳು. ಅಕ್ಕ ಸಿಟಿ ಬಸ್ ಓಡಿಸುತ್ತಿದ್ದಳು. ಮಾತಿನಲ್ಲೂ ಬ್ರೇಕಿಗಿಂತ ಹಾರನ್ನೇ ಹೆಚ್ಚು.

"ಓದಿ ಓದಿ ಮರುಳಾದ ಕೂಚುಭಟ್ಟ ಅಂತ ಕೇಳಿದ್ದೆ. ಮನೇಲೇ ನೋಡೋ ಭಾಗ್ಯ ಬರುತ್ತೆ ಅಂದ್ಕೊಂಡಿರ್ಲಿಲ್ಲ" ಅಂದಳು ಒಂದು ಸಂಜೆ, ಬಟ್ಟೆ ಮಡಚುತ್ತ.

"ಅವರು ಒಳ್ಳೆಯವರು ಕಣಕ್ಕ."

"ಬೆಲ್ಲಾನೂ ಒಳ್ಳೇದೇ. ಕಾಲು ಅಂಟ್ಕೊಂಡಿರೋ ಇರುವೆಯನ್ನ ಕೇಳು."

ಅವರು ನಿಜವಾಗಿಯೂ ಒಳ್ಳೆಯವರೇ. ಅವಳು ಜ್ವರದಲ್ಲಿ ಆಸ್ಪತ್ರೆ ಸೇರಿದಾಗ ಎರಡು ದಿನ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಕೂಗಾಡುವ ಗೈಡ್ ಆಗಿದ್ದರೆ ಎಂದೋ ಜಗಳವಾಡಿ ಎದ್ದು ಬರುತ್ತಿದ್ದಳು. ಮಗಳೇ ಅನ್ನುವವರ ಎದುರು ಬಾಯಿ ಹೇಗೆ ತೆಗೆಯುವುದು?

ಆ ವರ್ಷವೂ ಸಂಸ್ಥೆಯ ಫಲಕದಲ್ಲಿ ಪ್ರಕಟಣೆ ಬಿತ್ತು: ನರವಿಜ್ಞಾನ ಪ್ರಯೋಗಾಲಯದಲ್ಲಿ ಸಂಶೋಧನೆಗೆ ಅವಕಾಶ, ಆಸಕ್ತರು ಅರ್ಜಿ ಹಾಕಬಹುದು. ಬಂದ ನಲವತ್ತು ಅರ್ಜಿಗಳಲ್ಲಿ ಪ್ರೊಫೆಸರ್ ಒಬ್ಬಳನ್ನು ಆರಿಸಿ, ಒಂದು ವಾರದ ಪರೀಕ್ಷೆಗೆಂದು ಕೆಳಗೆ ಕರೆತಂದರು. ಕೈಗಡಿಯಾರ ರಿಪೇರಿ ಮಾಡುವವರ ಮಗಳು. ಕಾಲೇಜು ಮುಗಿಯುವವರೆಗೆ ಅಪ್ಪನ ಪಕ್ಕದ ಸ್ಟೂಲಿನಲ್ಲಿ ಕೂತು, ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಕೂದಲಿನಂಥ ಸ್ಪ್ರಿಂಗ್ ಕೂರಿಸುತ್ತಿದ್ದಳಂತೆ.

ಹುಡುಗಿ ಕೈ ತೊಳೆಯಲು ಹೋದಾಗ ಪ್ರೊಫೆಸರ್ ಸೂಜಿಯ ಹತ್ತಿರ ಬಂದು ದನಿ ತಗ್ಗಿಸಿದರು. "ಇವಳನ್ನ ನಿನ್ನ ಹಾಗೆ ತಯಾರು ಮಾಡಿಬಿಡು. ಇವಳು ಸೇರಿಕೊಂಡ ದಿನವೇ ನಿನ್ನ ಥೀಸಿಸ್‌ಗೆ ಸಹಿ. ಮಾತು ಅಂದ್ರೆ ಮಾತು."

ಸೂಜಿ ಅಂದಿನಿಂದ ಮೈಯೆಲ್ಲ ಕೈಯಾಗಿ ಕಲಿಸಿದಳು. ಗಾಜಿನ ಸೂಜಿಯನ್ನು ಯಾವ ಕೋನದಲ್ಲಿ ಇಳಿಸಬೇಕು, ಬದುಕಿರುವ ಕೋಶಕ್ಕೂ ಸತ್ತದ್ದಕ್ಕೂ ಹೊಳಪಿನಲ್ಲಿ ಏನು ವ್ಯತ್ಯಾಸ, ಕೊಳವೆಯನ್ನು ಹಲ್ಲಿನಲ್ಲಿ ಕಚ್ಚದೆ ತುಟಿಯಲ್ಲೇ ಯಾಕೆ ಹಿಡಿಯಬೇಕು. ತಾನು ಇಡೀ ಒಂದು ವರ್ಷ ತಪ್ಪಿ ತಪ್ಪಿ ಕಲಿತದ್ದನ್ನು ಎರಡು ದಿನದಲ್ಲಿ ಸುರಿದಳು. ಮೂರನೆಯ ದಿನ ಹುಡುಗಿ ಉಸಿರೆಳೆದಳು. ಕಂಪ್ಯೂಟರ್ ಪರದೆಯ ಮೇಲಿನ ಗೆರೆ ಮಟ್ಟಸವಾಗಿ ಮಲಗಿತು. ಕೋಶ ಹಿಡಿದಿತ್ತು.

"ಬಂತಾ ಅಕ್ಕ? ಬಂತಲ್ವಾ?"

"ಬಂತು. ಅಲ್ಲಾಡಬೇಡ."

ಸೂಜಿಯ ಎದೆ ಹಗುರಾಯಿತು. ಅದು ಕಲಿಸಿದವಳ ಸಂತೋಷವಲ್ಲ ಎಂದು ಅರೆಗಳಿಗೆಯಲ್ಲೇ ಅವಳಿಗೆ ಗೊತ್ತಾಯಿತು. ಬದಲಿ ಆಳು ಸಿಕ್ಕಿತೆಂಬ ಸಂತೋಷ ಅದು. ಮುಖ ಮರೆಸಿಕೊಳ್ಳಲು ಆಮ್ಲಜನಕದ ಸಿಲಿಂಡರಿನ ಮುಳ್ಳು ನೋಡುವವಳಂತೆ ಬಗ್ಗಿದಳು.

ಊಟಕ್ಕೆ ಕೂತಾಗ ಹುಡುಗಿ ಕೇಳಿದಳು. "ಇಲ್ಲಿ ಮುಗಿಸೋಕೆ ಎಷ್ಟು ವರ್ಷ ಆಗುತ್ತೆ ಅಕ್ಕ?"

"ಐದು."

"ನಿಮ್ಮದು ಎಷ್ಟನೇದು?"

"ಅಯ್ಯೋ, ನೀರು ಮುಗೀತಲ್ಲ" ಎಂದು ಸೂಜಿ ತುಂಬಿದ ಬಾಟಲಿ ಹಿಡಿದು ಎದ್ದುಹೋದಳು.

ಸಂಜೆ ಅಕ್ಕನಿಗೆ ಎಲ್ಲವನ್ನೂ ಹೇಳಿದಳು. ಅಕ್ಕ ಬೈಯುತ್ತಾಳೆಂದು ಕಾದಳು. ಅಕ್ಕ ಬೈಯಲಿಲ್ಲ.

"ಏಳು ಅನ್ನೋಕೆ ಎಷ್ಟು ಹೊತ್ತು ಬೇಕೇ?" ಅಂದಳು ಅಷ್ಟೆ.

"ಹೇಳಿದ್ರೆ ಅವಳು ಹೋಗ್ತಾಳೆ. ಅವಳು ಹೋದ್ರೆ ನನ್ನ ಸಹಿ ಹೋಯ್ತು."

"ಹ್ಞೂಂ. ಅದೂ ನಿಜವೇ" ಎಂದು ಅಕ್ಕ ಒಳಗೆ ಹೋದಳು.

ನಾಲ್ಕನೆಯ ದಿನ ಹೇಳಲಾಗಲಿಲ್ಲ. ಐದನೆಯ ದಿನ ಇಬ್ಬರೂ ಜಾಲರಿಯೊಳಗೆ ಭುಜಕ್ಕೆ ಭುಜ ತಾಗಿ ಕೂತಿದ್ದಾಗ, ಕಣ್ಣನ್ನು ಮೈಕ್ರೋಸ್ಕೋಪಿನಿಂದ ತೆಗೆಯದೆ ಸೂಜಿ ಅಂದಳು. "ನನ್ನದು ಏಳನೇ ವರ್ಷ. ಐದಕ್ಕೇ ಮುಗಿದಿತ್ತು. ಕೈ ಚೆನ್ನಾಗಿದೆ ಅಂತ ಬಿಡ್ತಿಲ್ಲ. ನಿನ್ನ ಕೈ ನನ್ನದಕ್ಕಿಂತ ಚೆನ್ನಾಗಿದೆ."

ಹುಡುಗಿ ಕೊಳವೆಯನ್ನು ತುಟಿಯಿಂದ ತೆಗೆದಳು. "ನೀವ್ಯಾಕೆ ಎದ್ದು ಹೋಗಿಲ್ಲ ಅಕ್ಕ?"

"ಯಾರೂ ಕಟ್ಟಿಹಾಕಿಲ್ಲ. ಏಳೋಣ ಅನ್ನೋ ಹೊತ್ತಿಗೆ ಯಾರೋ ಒಬ್ಬರು ಬಂದು 'ಇದೊಂದೇ ಕೋಶ ಅಕ್ಕ' ಅಂತಾರೆ."

ಮುಂದಿನ ವಾರ ಹುಡುಗಿಯಿಂದ ಪ್ರೊಫೆಸರಿಗೆ ವಿನಯದ ಪತ್ರ ಬಂತು. ಬೇರೊಂದು ಕಡೆ ಅವಕಾಶ ಸಿಕ್ಕಿದೆ, ಕ್ಷಮಿಸಬೇಕು. ಪ್ರೊಫೆಸರ್ ಅದನ್ನು ಸೂಜಿಗೇ ಓದಿ ಹೇಳಿದರು. ಅವರು ಅನುಮಾನಪಡಲಿಲ್ಲ, ಸಿಟ್ಟೂ ಆಗಲಿಲ್ಲ. ಕನ್ನಡಕ ತೆಗೆದು ಒರೆಸುತ್ತ, "ಹೋಗ್ಲಿ ಬಿಡು. ಮುಂದಿನ ವರ್ಷ ಇನ್ನೊಬ್ಬರು ಸಿಗ್ತಾರೆ. ನೀನಿದೀಯಲ್ಲ, ನನಗೇನು ಚಿಂತೆ" ಅಂದರು.

ಮುಂದಿನ ವರ್ಷವಂತೆ! ಸೂಜಿ ಮೆಟ್ಟಿಲ ಬುಡದಲ್ಲಿ ಕಂಬಿ ಹಿಡಿದು ನಿಂತಳು. ಮೇಲಿನಿಂದ ಇಳಿದು ಬರುವವರಿಗೆಲ್ಲ ದಾರಿ ಬಿಟ್ಟಳು. ಆಮೇಲೆ ಹತ್ತಿ, ಥೀಸಿಸ್ಸಿನ ಪ್ರತಿಯನ್ನು ಎದೆಗವಚಿಕೊಂಡು ಸಂಶೋಧನಾ ವಿಭಾಗದ ಕಚೇರಿಗೆ ಹೋದಳು.

"ಗೈಡ್ ಸಹಿ ಎಲ್ಲಮ್ಮಾ?" ಅಂದರು ಗುಮಾಸ್ತರು.

"ಇಲ್ಲ."

ಅವರು ಅವಳ ಮುಖವನ್ನೊಮ್ಮೆ, ಸೇರಿದ ವರ್ಷವನ್ನೊಮ್ಮೆ ನೋಡಿದರು. ಕಪಾಟಿನಿಂದ ನಿಯಮಾವಳಿ ತೆಗೆದು ಬೆರಳಿಟ್ಟು ತೋರಿಸಿದರು. ಆರು ವರ್ಷ ದಾಟಿದವರು ನೇರವಾಗಿ ಡೀನ್‌ಗೆ ಅರ್ಜಿ ಹಾಕಬಹುದು. ಗೈಡ್ ಮೂವತ್ತು ದಿನದಲ್ಲಿ ಸಹಿ ಹಾಕಬೇಕು, ಇಲ್ಲವೇ ಕಾರಣ ಬರೆಯಬೇಕು. "ನಿಯಮ ಇದೆ. ಯಾರೂ ಹಾಕಲ್ಲ. ನಾಳೆ ಕೆಲಸಕ್ಕೆ ಶಿಫಾರಸು ಪತ್ರ ಯಾರು ಕೊಡ್ತಾರೆ ಅಂತ ಭಯ."

ಅವಳು ನಿಂತಲ್ಲೇ ಅರ್ಜಿ ತುಂಬಿದಳು.

ಆ ಮೂವತ್ತು ದಿನಗಳು ಏಳು ವರ್ಷಕ್ಕಿಂತ ಉದ್ದವಾದವು. ದಿನವೂ ಲ್ಯಾಬಿಗೆ ಹೋಗಬೇಕಿತ್ತು. ಮೊದಲ ದಿನವೇ ಕಿರಿಯನೊಬ್ಬ ಬಂದು ನಾಲ್ಕು ಕೋಶ ಕೇಳಿದಾಗ "ಆಗಲ್ಲ" ಅಂದಳು. ದನಿ ಅವಳಿಗೇ ಕೇಳಿಸಲಿಲ್ಲ, ಎರಡು ಸಲ ಹೇಳಬೇಕಾಯಿತು. ವಾರ ಕಳೆಯುವುದರೊಳಗೆ ಟೀ ಕುಡಿಯಲು ಹೋಗುವವರು ಅವಳನ್ನು ಕರೆಯುವುದು ಬಿಟ್ಟರು. ಪ್ರೊಫೆಸರ್ ಎದುರಾದರೆ ಗೋಡೆ ನೋಡಿಕೊಂಡು ಹೋಗುತ್ತಿದ್ದರು. ಅರ್ಜಿ ವಾಪಸು ತೆಗೆದುಕೊಂಡುಬಿಡೋಣ ಎಂದು ಅವಳು ಮೂರು ಸಲ ಕಚೇರಿಯ ಬಾಗಿಲವರೆಗೆ ಹೋಗಿ ಬಂದಳು. ಅಕ್ಕನಿಗೆ ಅದನ್ನು ಹೇಳಲಿಲ್ಲ.

ಇಪ್ಪತ್ತೆಂಟನೆಯ ದಿನ ಪ್ರೊಫೆಸರ್ ತಮ್ಮ ಕೋಣೆಗೆ ಕರೆದರು. ಮೇಜಿನ ಮೇಲೆ ಥೀಸಿಸ್ ತೆರೆದಿತ್ತು.

"ನಾನು ನಿನಗೆ ಅನ್ಯಾಯ ಮಾಡಿದೆ ಅನ್ಸುತ್ತಾ?"

"ಹೌದು ಸರ್."

ಅವರು ಆ ಉತ್ತರ ನಿರೀಕ್ಷಿಸಿರಲಿಲ್ಲ. ಮುಖ ಒಮ್ಮೆಲೇ ಮುದಿಯಾಯಿತು. "ಮಗಳು ಅಂದ್ಕೊಂಡಿದ್ದೆ ನಿನ್ನ."

"ಮಗಳನ್ನಾದ್ರೂ ಒಂದು ದಿನ ಕಳಿಸ್ತಾರೆ ಸರ್."

ಪ್ರೊಫೆಸರ್ ಪೆನ್ನು ತೆಗೆದರು. ಸಹಿ ಹಾಕಿದರು, ದಿನಾಂಕ ಬರೆದರು, ಥೀಸಿಸ್ಸನ್ನು ಅವಳ ಕಡೆಗೆ ತಳ್ಳಿದರು. ಅವಳು ಬಾಗಿಲು ತಲುಪಿದಾಗ ಹಿಂದಿನಿಂದ ಕೇಳಿದರು. "ಮಂಗಳವಾರ ಮಾತ್ರ ಬಂದುಹೋಗ್ತೀಯಾ? ಹೊಸಬರು ಕಲಿಯೋವರೆಗೆ?"

"ಬರ್ತೀನಿ ಸರ್" ಅಂದುಬಿಟ್ಟಳು. ಬಾಯಿ ತನ್ನಷ್ಟಕ್ಕೆ ಅಂದಿತ್ತು. ಹೊರಗೆ ಬಂದ ಮೇಲೆ ತನ್ನ ಮೇಲೇ ಬಂದ ಸಿಟ್ಟಿಗೆ ಕಣ್ಣು ತುಂಬಿತು.

ಎರಡು ಮಂಗಳವಾರ ಹೋದಳು. ಹೋದಾಗಲೆಲ್ಲ ಅವಳ ಕುರ್ಚಿಯನ್ನು ಒರೆಸಿ ಇಟ್ಟಿರುತ್ತಿದ್ದರು. ಮೂರನೆಯ ಮಂಗಳವಾರ ಬೆಳಿಗ್ಗೆ ಲ್ಯಾಬಿನ ಕಿರಿಯನಿಗೆ ಫೋನ್ ಮಾಡಿ ಬರುವುದಿಲ್ಲವೆಂದಳು.

"ಅಯ್ಯೋ ಅಕ್ಕ, ಸೀಳು ರೆಡಿ ಮಾಡಿಬಿಟ್ಟಿದೀವಿ! ಈಗ ಯಾರು ಕೂತ್ಕೋತಾರೆ?"

"ನೀವೇ ಕೂತ್ಕೊಳ್ಳಿ" ಎಂದು ಫೋನ್ ಇಟ್ಟಳು.

ಮಧ್ಯಾಹ್ನದವರೆಗೂ ಅವಳು ಕೂರಲಿಲ್ಲ. ತಪ್ಪು ಮಾಡಿದವಳಂತೆ ಎರಡು ಕೋಣೆಗಳ ನಡುವೆ ಓಡಾಡಿದಳು, ಎರಡು ಸಲ ಚಪ್ಪಲಿ ಮೆಟ್ಟಿ ಎರಡು ಸಲ ಬಿಟ್ಟಳು. ಪಾಳಿ ಮುಗಿಸಿ ಬಂದ ಅಕ್ಕ ಏನೂ ಕೇಳದೆ ಎರಡು ತಟ್ಟೆ ಹಾಕಿದಳು. ಸೂಜಿ ಕೂತು ಉಂಡಳು.